ಭಾಗವತರ ಗಂಟಲಿಗೆ ಮಾಡಿದ ಪುಂಗಿ

ಫೆ. 11, 1964, ಮಂಗಳವಾರ. ಸಾಗರ, ಪ್ರವಾಸಿ ಮಂದಿರ

ಟೇಪ್ ರೆಕಾರ್ಡರಿನ ಹೆಡ್ಡು ಸ್ಪಿರಿಟ್ ಹಾಕಿ ಒರೆಸಿದ್ದಾಯಿತು. ಸ್ಪೂಲು ಏರಿಸಿ ಪರೀಕ್ಷೆ — ‘ಒಂದು, ಎರಡು, ನಾರಾಯಣಮೂರ್ತಿ ಮಾತಾಡುತ್ತಿದ್ದೇನೆ.’ ಇವತ್ತು ನಾನು ಆಡಿದ ಮಾತು ಇಷ್ಟೇ.

ಹಳೆಯ ವಾದ್ಯಗಳ ರೆಕಾರ್ಡಿಂಗಿಗೆ ನನ್ನನ್ನು ಕಳಿಸಿದ ಬೆಂಗಳೂರಿನ ಸಂಘದವರ ಆಜ್ಞೆ ಸ್ಪಷ್ಟ: ಹಳೆಯ ವಾದ್ಯ, ಹಳೆಯ ಮಂಟಪ, ಹಳೆಯ ಶ್ರುತಿ. ಏನನ್ನೂ ಬದಲಿಸಕೂಡದು. ಊರೂರು ತಿರುಗಿ ಎಲ್ಲರಿಗೂ ‘ಸುಮ್ಮನಿರಿ’ ಅನ್ನುವುದು ನನ್ನ ಉದ್ಯೋಗ. ಕೆಲಸ ಮುಗಿದ ಮೇಲೂ ಯಾರೂ ನನ್ನ ಹತ್ತಿರ ಮಾತಾಡುವುದಿಲ್ಲ. ಬೇಜಾರು.

ಫೆ. 12

ಇಕ್ಕೇರಿ ದೇವಸ್ಥಾನದ ಮುಖಮಂಟಪ. ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಕಂಬಗಳ ನಡುವೆ ಸುಳಿದು ನಿಧಾನವಾಗಿ ಇಳಿಯುತ್ತದೆ. ಇಲ್ಲೇ ಸರಿ.

ಕೆರಿಯಪ್ಪ ಒಗೆದ ಅಂಗಿ ತೊಟ್ಟು ಬಂದಿದ್ದರು. ಯಕ್ಷಗಾನದಲ್ಲಿ ಭಾಗವತರ ಹಿಂದೆ ಕೂತು, ಅವರ ಹಾಡಿಗೆ ಶ್ರುತಿಯಾಗಿ ಸೋರೆಬುರುಡೆಯ ಪುಂಗಿ ಊದುತ್ತಿದ್ದವರು. ಮೇಳಕ್ಕೆ ಹಾರ್ಮೋನಿಯಂ ಬಂತು, ಇವರು ಮನೆಗೆ ಹೋದರು.

ಹಾಡಲು ಇಲ್ಲಿಯವರನ್ನೇ ಯಾರನ್ನಾದರೂ ಕರೆಯೋಣವೇ ಅಂದೆ.

“ಬ್ಯಾರೆಯವ್ರಿಗೆ ಹೊಂದದಿಲ್ಲ ಸ್ವಾಮಿ. ಇದು ದುಗ್ಗಪ್ಪ ಭಾಗ್ವತ್ರ ಗಂಟ್ಲಿಗೇ ಮಾಡಿದ್ದು.”

ಆಮೇಲೆ ಪುಂಗಿ ಒರೆಸುತ್ತ, ಯಾರದೋ ಸುದ್ದಿಯೆಂಬಂತೆ, “ಅವ್ರು ಬತ್ತಾರಾ?”

ಮೇಳ ಬಿಟ್ಟಾಗಿನಿಂದ ಇಬ್ಬರಿಗೂ ಮಾತಿಲ್ಲವಂತೆ. ಕೇಳಿದ ದನಿಯಲ್ಲೇ ಗೊತ್ತಾಯಿತು... ಈ ಮನುಷ್ಯನಿಗೆ ರೆಕಾರ್ಡಿಂಗ್ ಬೇಕಿಲ್ಲ, ಭಾಗವತರು ಬೇಕು.

ಫೆ. 14

ಜೀಪಿನಲ್ಲಿ ಹೊಸನಗರದ ಕಡೆ, ದುಗ್ಗಪ್ಪ ಭಾಗವತರ ಮನೆಗೆ. ಭಾಗವತರು ನನ್ನ ವಿವರಣೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಅವ್ನೇ ಕರದ್ನಾ?”

ಹೌದು ಅಂದೆ. ಸುಳ್ಳೇನಲ್ಲ. ಶಾಲು ತರಲು ಒಳಗೆ ಹೋದರು. ಅವರ ಹೆಂಡತಿ ಗುತ್ಯಮ್ಮ ಮೆಲ್ಲಗೆ, “ಮುಂಚಿನಂಗೆ ಆಗದಿಲ್ಲ ಈಗ. ಜೋರು ಹಾಡಿಸ್ಬ್ಯಾಡಿ” ಅಂದರು. ಆಗಲಮ್ಮ ಅಂದೆ.

ಫೆ. 15, ಸಂಜೆ

ಕೆಟ್ಟ ದಿನ.

ಪುಂಗಿ ಶ್ರುತಿ ಹಿಡಿಯಿತು. ಭಾಗವತರ ದನಿ ಅಲ್ಲಿಗೆ ಏರಲಿಲ್ಲ. ವಯಸ್ಸು. ಕೆರಿಯಪ್ಪ ಎಲೆಯಡಿಕೆ ಚೀಲದಿಂದ ಮೇಣದ ಉಂಡೆ ತೆಗೆದರು. “ಪುಂಗಿ ನಾಲಿಗಿಗೆ ಒಂಚೂರು ಹಚ್ಚಿದ್ರೆ ಶ್ರುತಿ ಇಳೀತದೆ.”

ಬೇಡ ಅಂದೆ. ಮೂಲ ಶ್ರುತಿಯೇ ಬೇಕು, ಅದಕ್ಕೇ ಇಷ್ಟು ದೂರ ಬಂದಿರುವುದು ಅಂದೆ. ನಾನೇ ಅಂದೆ. ಮತ್ತೆ ಹಾಡಿಸಿದೆ, ಮತ್ತೂ ಹಾಡಿಸಿದೆ. ದನಿ ಒಡೆದು ಕೆಮ್ಮು ಬಂತು. ದೇವಸ್ಥಾನಕ್ಕೆ ಬಂದ ಜನ ನಿಂತು ನೋಡುತ್ತಿದ್ದರು. ಒಬ್ಬ ನಕ್ಕ.

ಭಾಗವತರು ಶಾಲು ಹೊದ್ದು ಎದ್ದರು. ಕೆರಿಯಪ್ಪನಿಗೆ, “ನಗ್ಸಾಕೆ ಕರ್ಸಿದ್ಯಾ?”

ಕೆರಿಯಪ್ಪ ಮೇಣದ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡರು. ತಪ್ಪು ನನ್ನದು ಅಂತ ನಾನಾದರೂ ಹೇಳಬಹುದಿತ್ತು. ಟೇಪು ತಿರುಗುತ್ತಿತ್ತು, ಬಾಯಿ ಮುಚ್ಚಿಕೊಂಡೇ ಇದ್ದು ಅಭ್ಯಾಸ. ರೆಕಾರ್ಡಿಂಗ್ ಬಹಳ ಚೆನ್ನಾಗಿ ಬಂದಿದೆ. ಆ ಮಾತೂ ಸ್ಪಷ್ಟವಾಗಿ ಕೇಳುತ್ತದೆ.

ಫೆ. 18. ಭಾಗವತರ ಮನೆ ಜಗಲಿ, ನಾಲ್ಕು ಗಂಟೆ

ಬೆಳಿಗ್ಗೆ ಹೋಗಿ ಕೆರಿಯಪ್ಪನ ಮುಂದೆ ನಿಂತೆ. ಮೇಣ ಹಚ್ಚಿ, ಹೋಗೋಣ ಅಂದೆ. ಆಗಲೇ ಹಚ್ಚಿಟ್ಟಿದ್ದರು. ದಾರಿಯುದ್ದಕ್ಕೂ ಒಂದೇ ಮಾತು — “ಸಿಟ್ಟು ಬಾಳ ಹೊತ್ತು ಇರದಿಲ್ಲ ಅವ್ರಿಗೆ.”

ಬಾಗಿಲು ಮುಂದೆ ಮಾಡಿತ್ತು. ಕೆರಿಯಪ್ಪ ಕರೆಯಲಿಲ್ಲ. ಜಗಲಿಯ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂತು ಊದತೊಡಗಿದರು. ಇಳಿದ ಶ್ರುತಿ. ಎಷ್ಟು ಹಿತವಾಗಿದೆ... ಮೊನ್ನೆ ಇದಕ್ಕೆ ಒಪ್ಪಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

ಹತ್ತಿರದಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಗುತ್ಯಮ್ಮ ಪಕ್ಕದ ಓಣಿಯಿಂದ ಬಂದು ಕಿವಿಯ ಹತ್ತಿರ ಹೇಳಿದರು: “ಹಿತ್ಲ ಬಾಗ್ಲಿಂದ ಹೋಗ್ಬಿಟ್ರು. ನಿಮ್ ಜೀಪಿನ ಸದ್ದು ಕೇಳ್ತಿದ್ದಂಗೆ.”

ಪುಂಗಿ ಅವರ ಕಿವಿಗೆ ಬಿದ್ದೇ ಇಲ್ಲ.

ಕೆರಿಯಪ್ಪ ಕಣ್ಣು ಮುಚ್ಚಿದ್ದಾರೆ. ಭಾಗವತರು ಪದ ಎತ್ತಬೇಕಾದ ಕಡೆ ತಲೆ ಸಣ್ಣಗೆ ಆಡುತ್ತದೆ. ಮನೆ ಖಾಲಿ ಅಂತ ನಾನೇ ಹೇಳಬೇಕು. ನಡುವೆ ಉಸಿರಿಗೆ ನಿಲ್ಲಿಸಿದಾಗ ಹೇಳೋಣ ಅಂತ ಕಾಯುತ್ತಿದ್ದೇನೆ. ನಿಲ್ಲಿಸುವುದೇ ಇಲ್ಲ. ಮೂಗಿನಲ್ಲಿ ಎಳೆದುಕೊಳ್ಳುತ್ತಾರೆ, ಬಾಯಿಯಲ್ಲಿ ಊದುತ್ತಲೇ ಇದ್ದಾರೆ.