ಜಪಾನಿಗೆ ವಾಪಸಾದ ರೋಲು

ಫೋಟೋ ಕಾಕಾರಿಗೆ,

ನಿಮ್ಮ ತಂಗಿಯ ಶರಣು. ಒಡಹುಟ್ಟಿದವಳಲ್ಲ, ನೀವು ಬಾಯಿ ತುಂಬ ‘ತಂಗೀ’ ಎಂದು ಕರೆದು ಕ್ಯಾಮೆರಾ ಹಿಡಿಯಲು ಕಲಿಸಿದವಳು. ಅಣ್ಣಿಗೇರಿಯ ನಿಮ್ಮ ಸ್ಟುಡಿಯೋದ ಕೀಲಿಕೈ ಈಗ ನನ್ನ ಹತ್ತಿರವೇ ಇದೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಮನಸ್ಸಾಗುತ್ತಿಲ್ಲ. ನೀವಿದ್ದಾಗ ಹೇಳಲಾರದ ಮಾತೊಂದು ಉಳಿದುಬಿಟ್ಟಿದೆ.

ಹುಬ್ಬಳ್ಳಿಯ ಡಾಕ್ಟರು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದ ದಿನ ನೆನಪಿದೆಯೇ? ಬರುವ ದಾರಿಯಲ್ಲಿ ಕಾಕು ಅಳಲಿಲ್ಲ, ಜಗಳ ತೆಗೆದರು. “ಊರ ಮಂದೀನೆಲ್ಲ ಜೋಡೀಲೆ ಕೂಡ್ರಿಸಿ ಫೋಟೋ ತೆಗದ್ರಿ. ನಮ್ಮದೊಂದು ಜೋಡಿ ಫೋಟೋ ಐತೇನು ಮನ್ಯಾಗ?” ಉಸಿರಿಗೆ ತಡಕಾಡುತ್ತಲೇ ನೀವು ನಕ್ಕಿರಿ. “ನಾನೂ ಕುಂತ್ರ ತೆಗಿಯಾವ್ರು ಯಾರಿದ್ರು?” ಆಮೇಲೆ ನನ್ನತ್ತ ತಿರುಗಿದಿರಿ. “ಈಗ ನೀ ಅದೀಯಲ್ಲ ತಂಗೀ. ನನ್ನ ಹಳೇ ಕ್ಯಾಮೆರಾದಾಗ ತೆಗಿ. ಮೊಬೈಲ್ ಬ್ಯಾಡ ನೋಡು, ಅದು ಫೋಟೋನ ಅಲ್ಲ.”

ಆ ಕ್ಯಾಮೆರಾಕ್ಕೆ ಬೇಕಾದ ಅಗಲ ಫಿಲ್ಮ್ ರೋಲು ಎಲ್ಲಿಂದ ತರಲಿ? ಹುಬ್ಬಳ್ಳಿಯ ಅಂಗಡಿಯವರು “ಯಾವ ಕಾಲದಾಗ ಅದೀರಿ ಅಕ್ಕಾರ?” ಎಂದು ನಕ್ಕರು. ಕೊನೆಗೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ಜಪಾನಿನ ಒಂದು ಅಂಗಡಿಯಿಂದ ತರಿಸಿದೆ. ನೀವು ದಿನಾ ಕೇಳುತ್ತಿದ್ದಿರಿ, ಎಲ್ಲಿಗೆ ಬಂತು ಎಂದು. “ಮುಂಬೈ ಮುಟ್ಟೇತ್ರಿ” ಎಂದಾಗ ನಂಬಲೇ ಇಲ್ಲ. “ನವಲಗುಂದದ ಬಸ್ಸ ಹೊತ್ತಿಗೆ ಸರಿಯಾಗಿ ಬರೂದಿಲ್ಲ, ಜಪಾನದ ರೋಲು ಬರತೈತಂತ!”

ಮುಂಬೈಯಲ್ಲಿ ಅದು ನಿಂತಿತು. ‘ನಿಮ್ಮ ಪಾರ್ಸೆಲ್ ಕಸ್ಟಮ್ಸಿನಲ್ಲಿದೆ, ಗುರುತಿನ ಕಾಗದ ಕಳಿಸಿ’ ಎಂದು ಮೆಸೇಜು ಬಂತು. ಅಳಿಸಿದೆ. ಮತ್ತೆ ಬಂತು, ಮತ್ತೆ ಅಳಿಸಿದೆ. ಬಾಜೂ ಕಿರಾಣಿ ಅಂಗಡಿಯವರು ಅಂಥದೇ ಮೆಸೇಜು ಒತ್ತಿ ಮೋಸ ಹೋಗಿದ್ದರಲ್ಲ, ‘ಪಾರ್ಸೆಲ್ ಎಂದರೆ ನಂಬಬೇಡಿ’ ಎಂದು ಸ್ಟುಡಿಯೋ ಬಾಗಿಲಿಗೆ ಚೀಟಿ ಹಚ್ಚಿದವಳೇ ನಾನು. ನನಗೂ ಪಾರ್ಸೆಲ್ ಬರುವುದಿದೆ ಎಂದು ಹೊಳೆಯದೆ ಇರಲಿಲ್ಲ. ಕಳ್ಳರಿಗೆ ಅದೂ ಗೊತ್ತಾಗಿರಬೇಕು ಎಂದುಕೊಂಡೆ. ಅಗದಿ ಶಾಣ್ಯಾಕಿ ನಾನು! ಕಡೆಗೆ ಜಪಾನಿನ ಅಂಗಡಿಯವರೇ ಬರೆದರು: ಕಾಗದ ಬಾರದ್ದರಿಂದ ರೋಲು ವಾಪಸು ಹೊರಟಿದೆ. ಮೆಸೇಜು ಖರೇದೇ ಆಗಿತ್ತು ಕಾಕಾರ.

ಅದೇ ದಿನ ಮಧ್ಯಾಹ್ನ ನಿಮ್ಮ ಮನೆಗೆ ಬಂದರೆ ನೀವು ಗಡ್ಡ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಅಂಗಳದಲ್ಲಿ ಕೂತಿದ್ದಿರಿ. ಪಕ್ಕದಲ್ಲಿ ಇಳಕಲ್ ಸೀರೆ ಉಟ್ಟ ಕಾಕು. “ಇವತ್ತ ಮೈಯಾಗ ಸ್ವಲ್ಪ ಕಸುವೈತಿ. ರೋಲು ಬಂತೇನು ತಂಗೀ?” ಆ ಕಸುವು ನಾಳೆಯೂ ಇರುತ್ತದೆಂದು ಯಾರಿಗೆ ಗೊತ್ತಿತ್ತು? “ಬಂತ್ರಿ, ಮುಂಜಾನೇನ ಹಾಕೇನ್ರಿ” ಎಂದುಬಿಟ್ಟೆ. ನೀವು ಕಾಕುವಿನ ಹೆಗಲ ಮೇಲೆ ಕೈ ಇಟ್ಟಿರಿ. “ಅಯ್ಯ, ಮಂದಿ ನೋಡ್ತಾರ!” ಎಂದು ಅವರು ನಾಚಿದರು. “ನೋಡ್ಲಿ ಅಂತನ ತೆಗಸಾಕತ್ತೇನಿ.”

ನಾನು ಖಾಲಿ ಕ್ಯಾಮೆರಾದ ಗುಂಡಿ ತಿರುವಿ ಒತ್ತಿದೆ. ಮೊಬೈಲು ಬ್ಯಾಗಿನಲ್ಲೇ ಇತ್ತು. ತೆಗೆದಿದ್ದರೆ ‘ಅದ್ಯಾಕ?’ ಎಂದು ಕೇಳುತ್ತಿದ್ದಿರಿ, ನನ್ನ ಸುಳ್ಳು ಬಯಲಾಗುತ್ತಿತ್ತು. ಅಷ್ಟೇ ಕಾರಣ. ನನ್ನ ಮರ್ಯಾದೆಯೇ ನನಗೆ ದೊಡ್ಡದಾಯಿತು. ರೋಲು ಇಲ್ಲದ ಕ್ಯಾಮೆರಾ ತಿರುವಿದರೆ ಸಪ್ಪಳ ಬೇರೆ ಎಂದು ಕಲಿಸಿದವರು ನೀವೇ ಅಲ್ಲವೇ? ನಿಮಗೆ ಕೇಳಿಸಿತೇ? ಕೇಳಿಸಿಯೂ ಸುಮ್ಮನೆ...

ನಾಲ್ಕನೇ ದಿನ ನೀವು ಹೋದಿರಿ. ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದಾಗ ಎಲ್ಲರೂ ಮೊಬೈಲಿನಲ್ಲಿ ತೆಗೆದರು, ಎಲ್ಲದರಲ್ಲೂ ಕಣ್ಣು ಮುಚ್ಚಿವೆ. ಗೋಡೆಗೆ ಹಾಕಲು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಬೇಕಾಯಿತು. ಅರ್ಧ ಊರಿನ ಗೋಡೆಗಳಿಗೆ ಫೋಟೋ ಕೊಟ್ಟ ಮನುಷ್ಯ, ಸ್ವಂತ ಗೋಡೆಯ ಮೇಲೆ ಯಾರೋ ಕಳ್ಳನಂತೆ ಕಾಣುತ್ತೀರಿ. ಅದರ ಕಡೆ ನೋಡಲಿಕ್ಕೇ ನನಗಾಗುವುದಿಲ್ಲ.

ಕಾಕು ದಿನಾ ಸ್ಟುಡಿಯೋಕ್ಕೆ ಬಂದು “ಫೋಟೋ ತೊಳದ್ಯಾ?” ಎಂದು ಕೇಳುತ್ತಿದ್ದರು. ನಾಳೆ, ನಾಡಿದ್ದು, ತೊಳೆಯುವ ಔಷಧ ತರಿಸಬೇಕು... ಎಷ್ಟು ದಿನ? ನಿನ್ನೆ ಎಲ್ಲಾ ಹೇಳಿಬಿಟ್ಟೆ. ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಸೆರಗು ಸರಿಮಾಡಿಕೊಂಡು ನನ್ನ ಬಾಜೂ ಕೂತರು.

“ಹೋಗ್ಲಿ ಬಿಡು. ನೀನಾದ್ರೂ ನೋಡೀಯಲ್ಲ, ಹೇಳು. ಒತ್ತಿದಾಗ ಅವರು ನಗತಿದ್ರೇನು? ನಾ ಮುಂದ ನೋಡಕೋತ ಕುಂತಿದ್ದೆ.”

“ಹೌದ್ರಿ, ನಗತಿದ್ರು” ಎಂದೆ.

ಒತ್ತುವಾಗ ನಾನು ನಾಚಿಕೆಗೆ ಕಣ್ಣು ಮುಚ್ಚಿಕೊಂಡಿದ್ದೆ ಕಾಕಾರ.