ತೊಗರಿ ಸಾಲಿನ ಟ್ರ್ಯಾಕ್ಟರ್

ಪಾಮನಕಲ್ಲೂರು
೯-೮-೧೯೯೩

ಪೂಜ್ಯ ಅಣ್ಣ ಸೂಗಪ್ಪನಿಗೆ ತಂಗಿ ಅಂಬಮ್ಮನ ನಮಸ್ಕಾರಗಳು.

ದುರಸ್ತಿ ಮಾಡಿಸಿ ಕೊಡುತ್ತೇನೆಂದು ನೀನು ನಮ್ಮ ಹಳೆಯ ಸಣ್ಣ ಟ್ರ್ಯಾಕ್ಟರನ್ನು ಬಳಗಾನೂರಿಗೆ ಒಯ್ದು ತಿಂಗಳಾಯಿತು. ಅದು ನಿನ್ನ ಗದ್ದೆಗೆ ಭತ್ತದ ಸಸಿ ಹೊರುತ್ತಿದೆಯೆಂದು ಬಸ್ಸಿನಲ್ಲಿ ಸಿಕ್ಕ ನಿಮ್ಮೂರ ಆದಮ್ಮ ಹೇಳಿದಳು. ಹಾಗಾದರೆ ದುರಸ್ತಿ ಮುಗಿದಿದೆ.

ಅದರ ಬದಲು ನೀನು ಕಳಿಸಿದ ದೊಡ್ಡ ಟ್ರ್ಯಾಕ್ಟರ್ ಕಳೆ ತೆಗೆಯಲೆಂದು ನನ್ನ ತೊಗರಿಗೆ ಎಡೆ ಹೊಡೆಯಲು ಇಳಿದು ಎರಡು ಸಾಲು ತುಳಿದುಹಾಕಿತು. ಅದರ ಗಾಲಿ ಸಾಲಿನ ನಡುವೆ ಹಿಡಿಯುವುದೇ ಇಲ್ಲ. ನಿನ್ನ ಡ್ರೈವರ್ ಪಂಪಣ್ಣನನ್ನು ಬೈದೆ.

"ನಂದೇನ್ ತಪ್ಪೈತಿ ಅಕ್ಕಾರ? ಹೆಣ್ಮಗಳು ಟ್ರ್ಯಾಕ್ಟರ್ ಹೊಡದ್ರ ಮಂದಿ ನಗತಾರಂತ ನಿಮ್ಮಣ್ಣಾರು ಸಣ್ಣದನ್ನ ಅಲ್ಲೇ ಇಟ್ಕೊಂಡಾರ" ಎಂದ.

ನಮ್ಮವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಅದನ್ನು ಓಡಿಸಿದವಳು ನಾನೇ. ಯಾರೂ ನಗಲಿಲ್ಲ ಅಣ್ಣ. ತಮ್ಮ ಹೊಲಕ್ಕೂ ಬಾ ಎಂದು ಕರೆದರು. ಒಂದು ಗಿಡ ಮುರಿಯದೆ ಎಡೆ ಹೊಡೆದುಕೊಟ್ಟೆ. ಈಗ ನನ್ನದೇ ಹೊಲದಲ್ಲಿ ಕಳೆ ತೊಗರಿಗಿಂತ ಎತ್ತರ ನಿಂತಿದೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಚಾವಿಯನ್ನು ಅತ್ತಿಗೆಯ ಕೈಗೆ ಕೊಟ್ಟಿರು. ನಿಮ್ಮೂರ ನಡುವಿನಿಂದ ನಾನೇ ಓಡಿಸಿಕೊಂಡು ಬರುತ್ತೇನೆ. ಊಟಕ್ಕೆ ನಿಲ್ಲುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಟಾಕಿ ತುಂಬ ಡೀಸೆಲ್ ಹಾಕಿಸಿಡು.

ನಿನ್ನ ತಂಗಿ
ಅಂಬಮ್ಮ