ಕಚ್ಚು ಬಿದ್ದ ರೂಪಾಯಿ

11 ಸೆಪ್ಟೆಂಬರ್ 2011, ಭಾನುವಾರ, ಸಂಜೆ

ಕ್ಲಬ್ ಮುಗಿಸಿ ಬಂದು ಕಾಲು ತೊಳೆದು ಕೂತೆ. ಪೀಣ್ಯದ ಹಾಲ್ ತುಂಬಿತ್ತು — ನಾಣ್ಯ ಸಂಗ್ರಾಹಕರ ಸಭೆಗೆ ಇಷ್ಟು ಜನವೇ! ಟಂಕಸಾಲೆಯಲ್ಲೇ ಆದ ತಪ್ಪು ಯಾವುದು, ಆಮೇಲೆ ಬಿದ್ದ ಪೆಟ್ಟು ಯಾವುದು — ನನ್ನ ಭಾಷಣ. ಸುತ್ತಿಗೆ ಏಟು, ರೈಲು ಹಳಿ, ಆಸಿಡ್ಡು... ಒಂದೊಂದಕ್ಕೂ ಒಂದು ಡೈಲಾಗು.

ಕೊನೆಗೆ ಚಿಕ್ಕಬಾಣಾವರದ ನಾಗಲಕ್ಷ್ಮಮ್ಮ ಎದ್ದರು. ತೀರಿಹೋದ ಗಂಡ ವೆಂಕಟೇಶಪ್ಪ ಬಸ್ ಕಂಡಕ್ಟರ್. ಅವರು ಎತ್ತಿಟ್ಟಿದ್ದ ಒಂದು ರೂಪಾಯಿ. ಅಂಚಿನಲ್ಲಿ ಅರ್ಧಚಂದ್ರದಂಥ ಕಚ್ಚು. "ಮಿಂಟಲ್ಲೇ ಇಂಗಾಗಿರೋದು ಅಂತಿದ್ರು ನಮ್ಮನೆಯೋರು. ನಿಜಾನಾ ಸಾರ್?"

ಕಚ್ಚು ಸಭೆಗೆ ಕಾಣುವಂತೆ ಎತ್ತಿ ಹಿಡಿದೆ. "ಎಲೈ ರೂಪಾಯಿಯೇ! ನಿನ್ನ ಕೆನ್ನೆ ಕಚ್ಚಿದ್ದು ಟಂಕಸಾಲೆಯಲ್ಲ, ಯಾವುದೋ ಶೆಡ್ಡಿನ ಅರ! ನಿನ್ನನ್ನು ಉಜ್ಜಿದವನು ಕಂಡಕ್ಟರನೋ, ಕಮ್ಮಾರನೋ?" ನಗುವೋ ನಗು. ಹಿಂದಿನಿಂದ ಯಾರೋ "ಒನ್ಸ್ ಮೋರ್!" ಎಂದರು. ಅಪ್ಪನ ನಾಟಕ ಕಂಪನಿಯಲ್ಲಿ ಬೆಳೆದವನಿಗೆ ಆ ಮಾತು ಕಿವಿಗೆ ಬಿದ್ದರೆ ಮುಗಿಯಿತು. ಮತ್ತೆ ಹೇಳಿದೆ — ಇನ್ನೂ ಮೇಲಿನ ಶ್ರುತಿಯಲ್ಲಿ.

"ಅವ್ರು ಒಂದಿನಾನೂ ಅರ ಹಿಡಿದೋರಲ್ಲ ಸಾರ್" ಎಂದರು ಆಯಮ್ಮ. ನಗುವಿನಲ್ಲಿ ಮುಳುಗಿತು.

13 ಸೆಪ್ಟೆಂಬರ್, ಮಂಗಳವಾರ

ಫ್ಯಾಕ್ಟರಿ. ಪ್ರೆಸ್ಸಿನಲ್ಲಿ ತಗಡು ಸರಿಯಾಗಿ ಮುಂದೆ ಸರಿಯಲಿಲ್ಲ. ಪಂಚು ಹಳೇ ತೂತಿನ ಮೇಲೆ ಅರ್ಧ ಬಿತ್ತು. ಹೊರಬಂದ ಬಿಲ್ಲೆಗೆ ಅದೇ ಕಚ್ಚು... ಅದೇ ಅರ್ಧಚಂದ್ರ. ಇಂಥವನ್ನು ದಿನಾ ಗುಜರಿಗೆ ಎಸೆಸುವ ಸೂಪರ್‌ವೈಸರ್ ನಾನೇ!

ಕ್ಲಬ್ ಕಾರ್ಯದರ್ಶಿ ಮಲ್ಲಿಕ್ ಅವತ್ತು ತೆಗೆದಿದ್ದ ಆ ನಾಣ್ಯದ ಫೋಟೋ ತರಿಸಿ ನೋಡಿದೆ. ಕಚ್ಚಿನ ನೇರ ಎದುರು ಅಂಚು ಎದ್ದೇ ಇಲ್ಲ, ಮಸುಕು. ಟಂಕಸಾಲೆಯಲ್ಲೂ ಬಿಲ್ಲೆ ಕತ್ತರಿಸುವುದು ಹೀಗೇ; ಆಮೇಲೆ ಅಂಚು ಎಬ್ಬಿಸಲು ಅದನ್ನು ಎರಡೂ ಕಡೆಯಿಂದ ಒತ್ತಬೇಕು. ಇತ್ತ ಲೋಹವಿಲ್ಲದಿದ್ದರೆ ಅತ್ತ ಒತ್ತಡವಿಲ್ಲ. ಆಮೇಲೆ ಉಜ್ಜಿದ್ದರೆ ಎದುರಂಚು ನೆಟ್ಟಗಿರುತ್ತಿತ್ತು. ಅಪ್ಪಟ ಟಂಕಸಾಲೆಯ ತಪ್ಪು. ನಾನು ತಿರುಗಿಸಿ ನೋಡಲೇ ಇಲ್ಲ — ಸಭೆಗೆ ತೋರಿಸುತ್ತಿದ್ದೆ.

ಮಲ್ಲಿಕ್‌ಗೆ ಫೋನ್. "ಬಿಡಿ ಸಾರ್, ಯಾರಿಗ್ ಗೊತ್ತಾಗುತ್ತೆ?"

ಗೊತ್ತಾದವನೊಬ್ಬ ಇಲ್ಲೇ ಕೂತಿದ್ದಾನಲ್ಲ ಮಾರಾಯ.

2 ಅಕ್ಟೋಬರ್, ಭಾನುವಾರ

ಜ್ವರ, ಶಿಫ್ಟು, ಮಳೆ — ನೆಪಗಳೆಲ್ಲ ಮುಗಿದವು. ಚಿಕ್ಕಬಾಣಾವರಕ್ಕೆ ಹೋದೆ. ಬಸ್ಸಿನಲ್ಲಿ ಮಾತು ಉರು ಹೊಡೆದಿದ್ದೆ. ನಾಗಲಕ್ಷ್ಮಮ್ಮ ಬಾಗಿಲು ತೆರೆದರು. ನಾಣ್ಯ ಅಸಲಿ, ತಪ್ಪು ನನ್ನದು — ಪಿಸುದನಿಯಲ್ಲಿ ಹೇಳಿದೆ.

"ಅದೀಗ ಎಲ್ಲೈತೆ? ಮುನೇಶ್ವರನ ಹುಂಡಿಗಾಕ್ಬುಟ್ಟೆ. ಮನೇಲಿ ಮಡಗಕ್ಕೆ ಮನಸ್ಸು ಬರ್ಲಿಲ್ಲ." ಗೋಡೆಯ ಮೇಲಿನ ಗಂಡನ ಫೋಟೋ ಕಡೆ ಕೈ ತೋರಿಸಿ, "ಫೋಟೋ ಮುಂದೆ ನಿಂತ್ಕಂಡು ಅವ್ರನ್ನ ಬೈದ್ಬುಟ್ಟೆ ಸಾರ್. ಇಷ್ಟು ವರ್ಸ ಸುಳ್ಳೇಳಿದ್ರಾ ಅಂತ..."

ನನ್ನ ಸಂಗ್ರಹದಲ್ಲಿ ಅಂಥದೇ ಒಂದಿದೆ, ಕೊಡುತ್ತೇನೆ ಎಂದೆ. ಛೆ. ಎಂಥ ಮಾತು!

"ಇನ್ನೊಬ್ರು ರೂಪಾಯಿ ಕಟ್ಕಂಡು ಏನ್ ಮಾಡ್ಲಿ? ಅವತ್ತು ಊರಿಗೆಲ್ಲಾ ಕೇಳಂಗೆ ಕೂಗುದ್ರಿ. ಇವತ್ತು ನನ್ ಕಿವೀಲಿ ಗುಸುಗುಸು ಅಂತೀರಲ್ಲ? ನಮ್ ಬೀದಿಯೋರೂ ಇದ್ರು ಅಲ್ಲಿ. ಟೀ ಅಂಗ್ಡೀಲಿ ಅವ್ರಿಗೆ 'ಅರದ ಕಂಡಕ್ಟ್ರು' ಅಂತ ಹೆಸ್ರಿಟ್ಟವ್ರೆ. ಆ ಸಭೇಲೇ ಹೇಳಿ, ಹೋಗಿ."

ಕಾಫಿ ಕೊಟ್ಟರು. ಕುಡಿದೆ. ಅದೂ ನಾಚಿಕೆಯೇ.

9 ಅಕ್ಟೋಬರ್, ಬೆಳಿಗ್ಗೆ

ಇವತ್ತು ಕ್ಲಬ್. "ಕೊನೇಲಿ ಎರಡ್ ನಿಮಿಷ ತಗೊಳ್ಳಿ ಸಾರ್, ಜನ ಎದ್ದು ಹೋಗೋ ಹೊತ್ತಿಗೆ" ಎಂದ ಮಲ್ಲಿಕ್. ಇಲ್ಲ, ಮೊದಲೇ ಎಂದೆ.

ಬರೆದುಕೊಂಡೆ: "ಅಯ್ಯೋ ವಿಧಿಯೇ..." ಹೊಡೆದುಹಾಕಿದೆ. ನಾನು ಅತ್ತರೆ ಚಪ್ಪಾಳೆ ಬೀಳುತ್ತದೆ. ಅದೂ ನನಗೇ ಸೇರುತ್ತದೆ.

ಸಂಜೆ

ಆಯಮ್ಮ ಬಂದಿದ್ದರು. ಬೀದಿಯವರನ್ನೂ ಕರೆತಂದಿದ್ದರು. ಫೋಟೋ ಪರದೆಗೆ ಹಾಕಿಸಿ ಎದುರಂಚು ತೋರಿಸಿದೆ. ಕಂಡಕ್ಟರೊಬ್ಬರ ನಾಣ್ಯವನ್ನು ಸುಳ್ಳೆಂದೆ, ಅದು ಅಸಲಿ, ನಾನು ನೋಡದೆ ನುಡಿದೆ. ಅಷ್ಟೇ. ಕೂರಲು ಹೋದೆ.

ಹಿಂದಿನ ಸಾಲಿನಿಂದ ಅವರ ದನಿ: "ಹೆಸ್ರು ಹೇಳ್ಲಿಲ್ಲ ಸಾರ್."

ನಿಜ. ಹೇಳಿರಲಿಲ್ಲ. ಮತ್ತೆ ಎದ್ದೆ.

"ಚಿಕ್ಕಬಾಣಾವರದ ವೆಂಕಟೇಶಪ್ಪನವರು..." ಎಂದೆ. ಆಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಬೀದಿಯವರಿಗೂ ಕೇಳುವಂತೆ ಹೇಳಿದೆ: "ಒಂದು ದಿನವೂ ಅರ ಹಿಡಿದವರಲ್ಲ."